ದೊಡ್ಡಪ್ಪನ ಎಡಗಾಲು

ಉದ್ದ ಅಳೆದರೆ ನಮ್ಮ ದೊಡ್ಡಪ್ಪನ ಎರಡು ಪಾದಗಳೂ ಎಂಟನೇ ನಂಬರ್. ಅವುಗಳ ನಡುವಿನ ಹೊಂದಾಣಿಕೆ ಅಲ್ಲಿಗೇ ಮುಗಿಯುತ್ತದೆ. ಬಲಗಾಲು ಸಾಧು. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಗಂಟು, ಮೇಲ್ಪಾದವೋ ದಿಬ್ಬ. ಜೀವನವಿಡೀ ಅಥಣಿಯ ಕೊಲ್ಹಾಪುರಿ ಚಪ್ಪಲಿ ಮೆಟ್ಟಿದವರು. ಅದು ನಾಲ್ಕು ದಿನ ಕಚ್ಚುತ್ತದೆ, ಆಮೇಲೆ ಚರ್ಮವೇ ಕಾಲಿನ ಮಾತು ಕೇಳುತ್ತದೆ. ಈಗ ಡಾಕ್ಟರು ವಾಕಿಂಗಿಗೆ ಶೂ ಹಾಕಿ ಅಂದಿದ್ದಾರೆ. ಅಂಗಡಿಯ ಶೂಗಳೆಲ್ಲ ಎಡಗಾಲಿನ ಮುಂದೆ ಸೋತವು.

ರಜೆ ಸಿಕ್ಕಾಗ ಕೈಯಲ್ಲಿ ಶೂ ಹೊಲಿಯುವ ಹುಚ್ಚು ನನಗಿದೆ. ಹಾಗಾಗಿ ಕೇಸು ನನ್ನ ಹತ್ತಿರ ಬಂತು.

ಶೂ ಹುಟ್ಟುವುದು ಲಾಸ್ಟ್ ಮೇಲೆ. ಮರದಲ್ಲೋ ಪ್ಲಾಸ್ಟಿಕ್‌ನಲ್ಲೋ ಮಾಡಿದ ಪಾದದ ಅಚ್ಚು ಅದು. ಅದರ ಮೇಲೆ ಚರ್ಮ ಎಳೆದು ಬಿಗಿಯುತ್ತಾರೆ. ಇಂಗ್ಲಿಷ್ ಲೆಕ್ಕದಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಒಂದು ಬಾರ್ಲಿ ಕಾಳಿನಷ್ಟು ವ್ಯತ್ಯಾಸ, ಅಂದರೆ ಇಂಚಿನ ಮೂರನೇ ಒಂದು ಭಾಗ. ಅದು ಉದ್ದದ ಮಾತಾಯಿತು. ಗಂಟಿನ ವಿಷಯದಲ್ಲಿ ಬಾರ್ಲಿ ಬಾಯಿ ಬಿಡುವುದಿಲ್ಲ. ಯುರೋಪಿನಲ್ಲಿ 1600ರ ಸುಮಾರಿನಿಂದ 1800ರ ಸುಮಾರಿನವರೆಗೆ ಎಡ, ಬಲ ಅಂತ ಭೇದವೇ ಇಲ್ಲದ ಶೂ ಹಾಕುತ್ತಿದ್ದರಂತೆ. ದೊಡ್ಡಪ್ಪ ಆ ಕಾಲದಲ್ಲಿ ಇದ್ದಿದ್ದರೆ ಒಂದೋ ಶೂ ಉಳಿಯುತ್ತಿತ್ತು, ಇಲ್ಲವೇ ದೊಡ್ಡಪ್ಪ.

ಅಚ್ಚನ್ನು ಕಾಲಿಗೆ ತಕ್ಕಂತೆ ತಿದ್ದುವುದಕ್ಕೆ ಒಂದೇ ಬುದ್ಧಿ ಸಾಕು: ಕೆತ್ತಬಾರದು, ಸೇರಿಸಬೇಕು. ಕೆತ್ತಿದ್ದು ವಾಪಸ್ ಬರಲ್ಲ. ಚರ್ಮದ ಚೂರಿನ ಅಂಚನ್ನು ರಂಪಿಗೆಯಿಂದ, ಅಂದರೆ ಚರ್ಮ ಹೆರೆಯುವ ಉಳಿಯಿಂದ, ತೆಳ್ಳಗೆ ಸವರಿ, ಸೊಲ್ಯೂಷನ್ ಹಚ್ಚಿ, ಗಂಟು ಇರುವ ಜಾಗಕ್ಕೆ ಅಂಟಿಸಬೇಕು. ಟೇಪ್ ಹಿಡಿದು ಸುತ್ತಳತೆ ನೋಡಬೇಕು. ಜಾಸ್ತಿ ಅನಿಸಿದರೆ ಉಜ್ಜಬೇಕು. ಪ್ಲಾಸ್ಟಿಕ್ ಲಾಸ್ಟ್ ಆದರೆ ಉಜ್ಜುವ ಮೆಷಿನ್ ಹತ್ತಿರ ತರಬೇಡಿ. ಅದು ಕರಗಿ, ಜಿಗುಟಾಗಿ ಮೆಷಿನ್ನಿಗೇ ಮೆತ್ತಿಕೊಳ್ಳುತ್ತದೆ. ಕೈಯಲ್ಲಿ ಅರ ಹಿಡಿದು ಉಜ್ಜುವುದೇ ಕ್ಷೇಮ. ಹಾಗೆ ಉಜ್ಜಿದ ಬಿಳಿ ಪುಡಿ ಒಗ್ಗರಣೆಗೆ ಇಟ್ಟಿದ್ದ ಉದ್ದಿನಬೇಳೆಯ ಮೇಲೆ ಕೂತು ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು.

ಅಳತೆ ಕೊಡುವುದರಲ್ಲೂ ದೊಡ್ಡಪ್ಪ ದೊಡ್ಡ ಮನುಷ್ಯ. ಪಾದ ಸಂಜೆ ಹೊತ್ತಿಗೆ ಸ್ವಲ್ಪ ಊದುತ್ತದೆ, ಅದಕ್ಕೇ ಸಂಜೆ ಅಳೆಯೋಣ ಅಂದೆ. "ಸಂಜೆ ನಾನು ಭಜನೆಗೆ ಹೋಗಬೇಕಲ್ಲೋ" ಅಂತ ಬೆಳಿಗ್ಗೆ ಆರಕ್ಕೇ ಬಾಗಿಲು ಬಡಿದರು. ಟೇಪ್ ತಾಗಿದ ಕೂಡಲೇ ಕಚಗುಳಿ ಬೇರೆ. ಒಂದೇ ಕಾಲು, ಒಮ್ಮೆ ಒಂದು ಅಳತೆ, ಇನ್ನೊಮ್ಮೆ ಇನ್ನೊಂದು. ಕೊನೆಗೆ ದೊಡ್ಡಮ್ಮ ಕಾಲನ್ನು ನೆಲಕ್ಕೆ ಒತ್ತಿ ಹಿಡಿದು ಕೂತರು.

ಅಂತೂ ಹೊಲಿಗೆ ಆಯಿತು. ಬಲಗಾಲಿನ ಲಾಸ್ಟ್ ಮರ್ಯಾದೆಯಿಂದ ಹೊರಗೆ ಬಂತು. ಎಡದ್ದು ಬರಲೊಲ್ಲದು. ಮೇಲ್ಪಾದದ ದಿಬ್ಬಕ್ಕೆ ಅಂಟಿಸಿದ ದಪ್ಪ ಚೂರು ಒಳಗಿನಿಂದ ಕಚ್ಚಿ ಹಿಡಿದಿತ್ತು. ಕಸುಬುದಾರರು ಈ ಚೂರನ್ನು ಅಂಟಿಸದೆ ಬಿಡಿಯಾಗಿ ಕೂರಿಸುತ್ತಾರೆ, ಮೊದಲು ಅದನ್ನು ಎಳೆದು ಆಮೇಲೆ ಲಾಸ್ಟ್ ತೆಗೆಯುತ್ತಾರೆ. ಅಣ್ಣ ಶೂ ಹಿಡಿದ, ನಾನು ಲಾಸ್ಟಿನ ತೂತಿಗೆ ಕೊಕ್ಕೆ ಹಾಕಿದೆ. ಇಬ್ಬರೂ ಬೆವರಿದೆವು.

ದೊಡ್ಡಮ್ಮ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ದೂರದಿಂದಲೇ ಗದರಿದರು: "ಸುಮ್ನೆ ಎಳೀಬೇಡ್ರೋ! ಪೌಡರ್ ಹಾಕಿದ್ರಾ? ತಲೆ ಆ ಕಡೆ ತಿರುಗಿಸಿ."

ಯಾವ ತಲೆ ಅಂತ ನಾವು ಕೇಳಲಿಲ್ಲ. ಡಬ್ಬಿಯಲ್ಲಿದ್ದ ಪೌಡರೆಲ್ಲ ಶೂ ಒಳಗೆ ಸುರಿದು, ಹಿಮ್ಮಡಿಯನ್ನು ಅತ್ತಿತ್ತ ಆಡಿಸಿದೆವು. ಪಟ್ ಅಂತ ಹೊರಗೆ ಬಂತು. ಅಣ್ಣ ಶೂ ಸಮೇತ ಸೋಫಾದಲ್ಲಿ ಬಿದ್ದ. "ಎಷ್ಟು ತೂಕ?" ಅಂದರು ದೊಡ್ಡಪ್ಪ, ಪೇಪರಿನಿಂದ ಕಣ್ಣೆತ್ತದೆ.

ಮಾರನೇ ದಿನ ಹಾಕಿ ನೋಡಲು ಬಂದರು. ಬಲಗಾಲು ಬಿಗಿ. ಎಡಗಾಲೂ ಬಿಗಿ. ಬಗ್ಗಿ ನೋಡುತ್ತೇನೆ, ಬರಿಗಾಲಲ್ಲಿ ಅಳತೆ ಕೊಟ್ಟವರು ಉಣ್ಣೆಯ ದಪ್ಪ ಸಾಕ್ಸ್ ಏರಿಸಿಕೊಂಡು ಬಂದಿದ್ದಾರೆ.

"ತೆಳು ಸಾಕ್ಸ್ ಹಾಕಿ ದೊಡ್ಡಪ್ಪ" ಅಂದೆ.

"ಮೆಲ್ಲಗೆ ಮಾತಾಡೋ. ನಿನ್ನ ದೊಡ್ಡಮ್ಮ ಹೆಣೆದದ್ದು."

ಈಗ ಎರಡೂ ಲಾಸ್ಟಿಗೆ ಸುತ್ತಲೂ ಇನ್ನೊಂದು ಪದರ ಚರ್ಮ ಅಂಟಿಸುತ್ತಿದ್ದೇನೆ. ದಿಬ್ಬದ ಚೂರನ್ನು ಬಿಡಿಯಾಗಿಯೇ ಇಟ್ಟಿದ್ದೇನೆ.