ವಯಸ್ಸಾಗಿರಬೇಕು, ಮುಪ್ಪು ಬಂದಿರಬಾರದು

ಅಮೆರಿಕದಲ್ಲಿ ನಿಮಗೆ ವಯಸ್ಸಾಯಿತು ಅಂತ ಮೊದಲು ಕಂಡುಹಿಡಿಯುವವನು ಪೋಸ್ಟ್‌ಮ್ಯಾನ್. ಮಂಡಿ ಇನ್ನೂ ಸರಿಯಾಗಿಯೇ ಇರುತ್ತದೆ, ಕೂದಲಿಗೆ ಬಣ್ಣ ಹಾಕುವುದು ಅಕ್ಕಪಕ್ಕದವರಿಗೆ ಗೊತ್ತಾಗಿರುವುದಿಲ್ಲ, ಅಷ್ಟರಲ್ಲಿ ಒಂದು ದಿನ ಟಪಾಲು ಡಬ್ಬಿ ತೆರೆದರೆ ಮಿರಮಿರ ಮಿಂಚುವ ದಪ್ಪ ಕಾಗದದ ಬ್ರೋಷರ್. ಮೇಲೆ ನನ್ನ ಹೆಸರು, ಕೆಳಗೆ "ನೀವೀಗ ಅರ್ಹರು!" ಯಾವುದಕ್ಕಪ್ಪಾ ಅಂತ ನೋಡಿದರೆ, ಆಕ್ಟಿವ್ ಅಡಲ್ಟ್ ಕಮ್ಯುನಿಟಿಗೆ, ಅಂದರೆ 55 ತುಂಬಿದವರಿಗೆಂದೇ ಕಟ್ಟಿದ ಬಡಾವಣೆಗೆ. ಹಿಂದಿನ ವಾರವಷ್ಟೇ ನನಗೆ 55 ತುಂಬಿತ್ತು. ಒಡಹುಟ್ಟಿದ ಅಕ್ಕ ಹುಟ್ಟುಹಬ್ಬ ಮರೆತಿದ್ದಳು. ಬಿಲ್ಡರ್ ಮರೆತಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಇದನ್ನು ಕನ್ನಡದಲ್ಲಿ ವಿವರಿಸಲು ಹೋಗಿ ಸೋತೆ. "ಚಟುವಟಿಕೆಯ ವಯಸ್ಕರ ಬಡಾವಣೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಡಲ್ಟ್ ಅಂದ್ರೆ ಸಿನಿಮಾಕ್ಕೆ 'ಎ' ಅಂತ ಕೊಡ್ತಾರಲ್ಲ, ಆ ತರದ್ದೇನೇ?" ಅಂದಳು. ಅಯ್ಯೋ ಅಲ್ಲ ಅಕ್ಕ, ವೃದ್ಧಾಶ್ರಮದ ತರ, ಆದರೆ ಅಲ್ಲಿ ವೃದ್ಧರೂ ಇಲ್ಲ, ಅದು ಆಶ್ರಮವೂ ಅಲ್ಲ ಅಂದೆ. "ಮತ್ತೇನಿದೆ ಅಲ್ಲಿ?" "ಪಿಕಲ್‌ಬಾಲ್ ಇದೆ, ಟೆನಿಸ್ ತರದ ಒಂದು ಆಟ." ಅವಳು ಒಲೆ ಮೇಲೆ ಏನೋ ಇಟ್ಟಿದ್ದೀನಿ ಅಂತ ಫೋನ್ ಇಟ್ಟಳು.

55 ಅನ್ನುವ ಈ ಸಂಖ್ಯೆಯ ಮಜಾ ನೋಡಿ. ಈ ದೇಶದಲ್ಲಿ ನಿವೃತ್ತಿಗೆಂದು ಕೂಡಿಡುವ 401ಕೆ ಖಾತೆಯ ದುಡ್ಡನ್ನು ಸಾಮಾನ್ಯವಾಗಿ ದಂಡ ಕಟ್ಟದೆ ತೆಗೆಯಬೇಕಾದರೆ ಐವತ್ತೊಂಬತ್ತೂವರೆ ಆಗಬೇಕು. ಹೌದು, ಐವತ್ತೊಂಬತ್ತೂ-ವರೆ. ಮೂರು ವರ್ಷದ ಮಗುವನ್ನು ವಯಸ್ಸೆಷ್ಟು ಪುಟ್ಟಾ ಅಂದರೆ "ಮೂರೂವರೆ" ಅನ್ನುತ್ತದಲ್ಲ, ಹಾಗೆ ಸರ್ಕಾರವೂ ಅರ್ಧ ವರ್ಷ ಬಿಡದೆ ಲೆಕ್ಕ ಇಡುತ್ತದೆ. ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರಿ ಪಿಂಚಣಿ, ಕಡಿಮೆ ದರದಲ್ಲಿ ಸಾಕು ಅನ್ನುವವರಿಗೆ 62, ಪೂರ್ತಿ ಬೇಕು ಅನ್ನುವ, 1960ರಿಂದೀಚೆಗೆ ಹುಟ್ಟಿದ ನಮ್ಮಂಥವರಿಗೆ 67. ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ಗೆ 65. ಅಂದರೆ 55ಕ್ಕೆ ಪಿಂಚಣಿಯೂ ಇಲ್ಲ, ವಿಮೆಯೂ ಇಲ್ಲ. ಮುದುಕರಾಗಲು ಅನುಮತಿ ಸಿಗುವುದು ಆ ಬಡಾವಣೆಯ ಗೇಟಿನಲ್ಲಿ ಮಾತ್ರ, ಅದೂ ಒಳಗೆ ಹೋದ ಮೇಲೆ ಮುದುಕರ ಹಾಗೆ ನಡೆದುಕೊಳ್ಳುವುದಿಲ್ಲ ಅನ್ನುವ ಷರತ್ತಿನ ಮೇಲೆ.

ಈ ಹುಚ್ಚು ಶುರುವಾದದ್ದು ನಾವಿರುವ ಅರಿಜೋನಾದಲ್ಲೇ. 1954ರಲ್ಲಿ ಫೀನಿಕ್ಸ್ ಪಕ್ಕದಲ್ಲಿ ನಿವೃತ್ತರಿಗೆಂದೇ ಒಂದು ಊರು ಎದ್ದಿತು. ಅದರ ಹೆಸರು ಯಂಗ್‌ಟೌನ್! ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುವ ನಮ್ಮ ಗಾದೆ ಅವರಿಗೆ ಗೊತ್ತಿರಲಿಲ್ಲ, ಪಾಪ. 1960ರ ಜನವರಿ 1ಕ್ಕೆ ಅದರ ಪಕ್ಕದಲ್ಲೇ ಡೆಲ್ ವೆಬ್ ಅನ್ನುವ ಕಂಟ್ರಾಕ್ಟರ್ ಸನ್ ಸಿಟಿ ತೆರೆದರು. ಲಾಸ್ ವೇಗಸ್‌ನ ಫ್ಲೆಮಿಂಗೋ ಹೋಟೆಲ್ ಕಟ್ಟಿದವರು, ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಮಾಲೀಕರಲ್ಲೊಬ್ಬರು, ಜೂಜೂ ಗೊತ್ತು ಆಟವೂ ಗೊತ್ತು ಅನ್ನಿ. ಮನೆ ಮಾರುವ ಮೊದಲೇ ಗಾಲ್ಫ್ ಮೈದಾನ, ಅಂಗಡಿ ಸಾಲು, ರಿಕ್ರಿಯೇಷನ್ ಸೆಂಟರ್ ಎಲ್ಲ ಕಟ್ಟಿ ಇಟ್ಟಿದ್ದರು. ಮೊದಲ ವಾರಾಂತ್ಯಕ್ಕೇ ಸುಮಾರು ಒಂದು ಲಕ್ಷ ಜನ ನೋಡಲು ಬಂದರು ಅನ್ನುತ್ತಾರೆ. 1962ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಡೆಲ್ ವೆಬ್ ಮುಖ. ಅಲ್ಲಿಯತನಕ ನಿವೃತ್ತಿ ಅಂದರೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದಾಗಿತ್ತು. ಅವರು ಆ ಕುರ್ಚಿಯನ್ನು ಕಿತ್ತುಕೊಂಡರು.

ಇನ್ನೊಂದು ವಿಷಯವನ್ನು ಬ್ರೋಷರ್‌ಗಳು ಹೇಳುವುದಿಲ್ಲ. ಸನ್ ಸಿಟಿಯ ಹಿರಿಯರು ತಮ್ಮ ಭಾಗದ ಶಾಲೆಗಳಿಗೆ ದುಡ್ಡು ಎತ್ತುವ ಬಾಂಡ್‌ಗಳ ವಿರುದ್ಧ ಒಂದಾದ ಮೇಲೊಂದರಂತೆ ಮತ ಹಾಕಿ ಸೋಲಿಸಿದರು. ಕೊನೆಗೆ ಬೇಸತ್ತು, 1970ರ ದಶಕದಲ್ಲಿ ಆ ಊರನ್ನೇ ಶಾಲಾ ಜಿಲ್ಲೆಯಿಂದ ಹೊರಗಿಟ್ಟರು. ಮಕ್ಕಳು ಗಲಾಟೆ ಮಾಡಿದರೆ ಮೇಷ್ಟ್ರು ಹೊರಗೆ ನಿಲ್ಲಿಸುವುದನ್ನು ನೋಡಿದ್ದೇವೆ. ಅಜ್ಜ ಅಜ್ಜಿಯರನ್ನು ಶಾಲೆಯಿಂದ ಹೊರಗೆ ಹಾಕಿದ್ದು ಇಲ್ಲಿ ಮಾತ್ರ ಇರಬೇಕು.

ಸರಿ, ನಾವು ನೋಡಲು ಹೋದ ಕಥೆಗೆ ಬರುತ್ತೇನೆ. ಬಡಾವಣೆಯ ಹೆಸರು ಬೇಡ, ಎಲ್ಲ ಕಡೆಯೂ ಹೀಗೇ. ನಮ್ಮನೆಯವರು "ಸುಮ್ನೆ ನೋಡ್ಕೊಂಡು ಬರೋಣ, ಊಟ ಫ್ರೀ ಅಂತೆ" ಅಂದರು. 82 ವರ್ಷದ ನಮ್ಮ ಅತ್ತೆಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿಲ್ಲ, ಕರೆದುಕೊಂಡು ಹೋದೆವು. 17 ವರ್ಷದ ಮಗ ನಾನು ಬರಲ್ಲ ಅಂದ. ಬಂದಿದ್ದರೂ ಪ್ರಯೋಜನ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಸೇಲ್ಸ್ ಹುಡುಗಿಗೆ 26 ಇರಬಹುದು. ನಮ್ಮನ್ನು ಗಾಲ್ಫ್ ಕಾರ್ಟ್‌ನಲ್ಲಿ ಕೂರಿಸಿಕೊಂಡು ಹೊರಟಳು. ಅವಳು ಅಲ್ಲಿ ಮನೆ ತೆಗೆದುಕೊಳ್ಳಲು ಇನ್ನೂ 29 ವರ್ಷ ಕಾಯಬೇಕು, ಆದರೆ ನಮಗೆ ನಿವೃತ್ತಿ ಜೀವನ ಹೇಗಿರುತ್ತದೆ ಅಂತ ಪಾಠ ಮಾಡುವವಳು ಅವಳೇ. ಎಂಟು ಪಿಕಲ್‌ಬಾಲ್ ಕೋರ್ಟ್, ಮೂರು ಈಜುಕೊಳ, ಮಡಿಕೆ ಮಾಡುವ ಕ್ಲಾಸು, ಉಕುಲೇಲೆ ಬಳಗ, ಮರಗೆಲಸದ ಶೆಡ್ಡು. ಲೈಫ್‌ಸ್ಟೈಲ್ ಡೈರೆಕ್ಟರ್ ಅಂತ ಒಬ್ಬರಿದ್ದಾರಂತೆ, ನಮ್ಮ ದಿನಚರಿ ನೋಡಿಕೊಳ್ಳಲು. ಮೂವತ್ತು ವರ್ಷ ಮ್ಯಾನೇಜರ್ ಕೈಯಲ್ಲಿ ಕ್ಯಾಲೆಂಡರ್ ಕೊಟ್ಟು ಬದುಕಿದ್ದಾಯ್ತು, ಇನ್ನು ಡೈರೆಕ್ಟರ್ ಕೈಗೆ. ಬಡ್ತಿ ಅಂದ್ರೆ ಬಡ್ತಿ.

ಆಗಲೇ ನಾನು ಬ್ರೋಷರ್ ಮತ್ತೊಮ್ಮೆ ತಿರುವಿದೆ. 24 ಪುಟ. ಅದರಲ್ಲಿ ಒಬ್ಬರೂ ಕುಳಿತಿಲ್ಲ! ಎಲ್ಲರೂ ಓಡುತ್ತಿದ್ದಾರೆ, ಹಾರುತ್ತಿದ್ದಾರೆ, ಸೈಕಲ್ ತುಳಿಯುತ್ತಿದ್ದಾರೆ. ಬಿಳಿ ಕೂದಲಿನ ಒಬ್ಬ ಯಜಮಾನರು ಹಲ್ಲೆಲ್ಲ ಬಿಟ್ಟುಕೊಂಡು ತೋಟದ ಪೈಪ್ ಹಿಡಿದು ನಗುತ್ತಿದ್ದಾರೆ. ಕೂತಿರುವವರು ಅಂದರೆ ಗಾಲ್ಫ್ ಕಾರ್ಟ್ ಒಳಗಿನವರು ಮಾತ್ರ. ಅವರೂ ಕೈ ಮೇಲೆತ್ತಿಕೊಂಡೇ ಇದ್ದಾರೆ.

ಅತ್ತೆ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾ ಅತ್ತಿತ್ತ ನೋಡುತ್ತಿದ್ದರು. ಮೇ ತಿಂಗಳು, 105 ಡಿಗ್ರಿ ಫ್ಯಾರನ್‌ಹೀಟ್. "ಇಲ್ಲಿ ವಯಸ್ಸಾದವರು ಎಲ್ಲಿರ್ತಾರೋ?" ಅಂತ ಮಗನನ್ನು ಕೇಳಿದರು. ನಮ್ಮನೆಯವರು ಅದನ್ನೇ ಇಂಗ್ಲಿಷಿನಲ್ಲಿ ಹುಡುಗಿಯನ್ನು ಕೇಳಿದರು. ಹುಡುಗಿಯ ಮುಖ ಒಂದು ಕ್ಷಣ ಬಾಡಿತು, ನಾವೇನೋ ಕೆಟ್ಟ ಮಾತು ಆಡಿದ ಹಾಗೆ. ಇಲ್ಲಿ ಸೀನಿಯರ್ಸ್ ಇಲ್ಲ, ಎಲ್ಲರೂ ಆಕ್ಟಿವ್ ಅಡಲ್ಟ್ಸ್ ಅಂದಳು.

"ಏನಂತೋ?"

"ಇಲ್ಲಿ ಯಾರಿಗೂ ವಯಸ್ಸಾಗಲ್ವಂತೆ ಅಮ್ಮ."

"ಸರಿ ಬಿಡು. ಕೂರೋಕೆ ಒಂದು ಬೆಂಚೂ ಇಲ್ವಲ್ಲೋ ಮತ್ತೆ."

ಮಾಡೆಲ್ ಮನೆಯಲ್ಲಿ ಮಾತು ಕಾನೂನಿನ ಕಡೆ ತಿರುಗಿತು. ಅತ್ತೆ ಇರಬಹುದು, ಮಗ ಇರುವಂತಿಲ್ಲ ಅಂದಳು. 19 ತುಂಬದವರು ಅತಿಥಿಯಾಗಿ ಮಾತ್ರ, ವರ್ಷಕ್ಕೆ 30 ದಿನ. ಅವನು ನಮ್ಮ ಸ್ವಂತ ಮಗ ಅಂದೆ. "ಖಂಡಿತ, ಅತಿಥಿಯಾಗಿ ಯಾವಾಗ ಬೇಕಾದರೂ ಬರಬಹುದು" ಅಂದಳು, ನಗುತ್ತಾ. ಒಂದು ಲೆಕ್ಕಕ್ಕೆ ಈಗಲೂ ಅವನು ಮನೆಯಲ್ಲಿ ಅತಿಥಿಯ ಹಾಗೇ ಇದ್ದಾನೆ, ಊಟದ ಹೊತ್ತಿಗೆ ಮಾತ್ರ ಕಾಣುತ್ತಾನೆ. ಆದರೂ ಅದನ್ನು ಬಡಾವಣೆಯ ಸಮಿತಿಯವರು ಎಣಿಸಬೇಕೇ?

ಮನೆಗೆ ಬಂದು ಓದಿದೆ. ಮಕ್ಕಳಿದ್ದಾರೆ ಅನ್ನುವ ಕಾರಣಕ್ಕೆ ಯಾರಿಗೂ ಮನೆ ನಿರಾಕರಿಸುವಂತಿಲ್ಲ ಅಂತ 1988ರಲ್ಲಿ ಫೇರ್ ಹೌಸಿಂಗ್ ಕಾಯ್ದೆಗೆ ತಿದ್ದುಪಡಿ ತಂದರು. ಹಿರಿಯರ ಬಡಾವಣೆಗಳಿಗೆ ವಿನಾಯಿತಿ ಕೊಟ್ಟರು. ಕನಿಷ್ಠ ಶೇ. 80ರಷ್ಟು ಮನೆಗಳಲ್ಲಿ ಒಬ್ಬರಿಗಾದರೂ 55 ಆಗಿರಬೇಕು, ಜೊತೆಗೆ ಹಿರಿಯರಿಗೆ ಬೇಕಾದ ಗಣನೀಯ ಸೌಲಭ್ಯಗಳನ್ನೂ ಸೇವೆಗಳನ್ನೂ ಕೊಡಬೇಕು ಅನ್ನುವುದು ಷರತ್ತು. ನ್ಯಾಯವಾಗಿಯೇ ಇದೆ ಅಲ್ವಾ? ಹಿರಿಯರಿಗೆ ಏನಾದರೂ ಮಾಡುತ್ತೀರಿ ಅಂದರೆ ಮಕ್ಕಳನ್ನು ಹೊರಗಿಡಿ ಅಂತ. 1995ರಲ್ಲಿ ಆ ಎರಡನೇ ಷರತ್ತನ್ನು ತೆಗೆದುಹಾಕಿದರು. ಅಂದರೆ ಈಗ ಹಿರಿಯರ ಬಡಾವಣೆ ಅನ್ನಿಸಿಕೊಳ್ಳಲು ಹಿರಿಯರಿಗಾಗಿ ಕಡ್ಡಿ ಅಲ್ಲಾಡಿಸಬೇಕಿಲ್ಲ. ವಯಸ್ಸಿನ ಲೆಕ್ಕ ಇಟ್ಟರೆ ಸಾಕು.

ಲೆಕ್ಕವನ್ನಂತೂ ಚೆನ್ನಾಗಿ ಇಡುತ್ತಾರೆ. ಕನಿಷ್ಠ ಎರಡು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಿ ದಾಖಲೆ ನವೀಕರಿಸಬೇಕು ಅಂತ ನಿಯಮ ಇದೆ. ಮನೆಯಲ್ಲಿ ಈಗ ಯಾರಿದ್ದಾರೆ ಅಂತ ನೋಡುವುದಕ್ಕೆ ಅದು, ಒಪ್ಪಿದೆ. ಆದರೂ ಎರಡು ವರ್ಷದ ಹಿಂದೆ 70 ಇದ್ದವರ ಬಾಗಿಲು ತಟ್ಟಿ, ನಿಮಗೆ ಈಗಲೂ 55 ಮೇಲಾಗಿದೆಯೇ ಅಂತ ಅರ್ಜಿ ಕೊಡುವ ದೃಶ್ಯ ನೆನೆಸಿಕೊಂಡರೆ ನನಗೆ ನಗು ತಡೆಯುವುದಿಲ್ಲ. ಅಷ್ಟು ಪಿಕಲ್‌ಬಾಲ್ ಆಡಿಸಿದ್ದೇವೆ, ಯಾರಿಗಾದರೂ ವಯಸ್ಸು ಇಳಿದಿದ್ದರೆ ಅನ್ನುವ ಅನುಮಾನವೋ ಏನೋ.

ತಮಾಷೆ ಮಾಡಿ ಪ್ರಯೋಜನವಿಲ್ಲ, ಜನ ಹೋಗುತ್ತಿದ್ದಾರೆ. 2010ರಿಂದ 2020ರ ನಡುವೆ ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಮೆಟ್ರೋ ಪ್ರದೇಶ ಫ್ಲೋರಿಡಾದ ದಿ ವಿಲೇಜಸ್ ಅನ್ನುವ ಹಿರಿಯರ ಊರು, ಶೇ. 39ರಷ್ಟು. ತೊಟ್ಟಿಲು ತೂಗದ ಊರು ಎಲ್ಲರಿಗಿಂತ ಜೋರಾಗಿ ಬೆಳೆಯಿತು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಮನೆ ಮಾಲೀಕರ ಸಂಘದ ಶುಲ್ಕ, ಅದೇ ಎಚ್‌ಒಎ, ತಿಂಗಳಿಗೆ 310 ಡಾಲರ್ ಅಂದಳು. ಕಡಿಮೆಯೇ ಅನ್ನಿಸಿತು. ಆದರೆ ಸಾಮಾನ್ಯವಾಗಿ ಸೈಟುಗಳೆಲ್ಲ ಹೆಚ್ಚುಕಮ್ಮಿ ಮಾರಿ ಮುಗಿಯುವತನಕ ಆ ಸಂಘ ಬಿಲ್ಡರ್ ಕೈಯಲ್ಲೇ ಇರುತ್ತದೆ, ಅಲ್ಲಿಯವರೆಗೆ ಶುಲ್ಕ ಕಡಿಮೆ ಇಡುವುದು ಅವರಿಗೇ ಲಾಭ. ಅವರು ಕೈ ತೊಳೆದುಕೊಂಡು ಹೋದ ಮೇಲೆ ಮೂರು ಈಜುಕೊಳದ ಟೈಲ್ಸ್ ಒಟ್ಟಿಗೆ ಏಳುತ್ತವೆ, ಮೀಸಲು ನಿಧಿಯಲ್ಲಿ ದುಡ್ಡಿಲ್ಲ ಅಂತ ಪತ್ರ ಬರುತ್ತದೆ, ಸ್ಪೆಷಲ್ ಅಸೆಸ್‌ಮೆಂಟ್ ಅಂತ ಪ್ರತಿ ಮನೆಗೂ ಬಿಲ್ ಬರುತ್ತದೆ. ಮೀಸಲು ನಿಧಿಯಲ್ಲಿ ಎಷ್ಟಿದೆ, ಆ ಲೆಕ್ಕದ ವರದಿ ತೋರಿಸಿ ಅಂತ ನಮ್ಮನೆಯವರು ಕೇಳಿದರು. ಹುಡುಗಿ ಜ್ಯೂಸ್ ತಂದುಕೊಟ್ಟಳು.

ನಾನು ಕೇಳಬೇಕೆಂದಿದ್ದು ಒಂದೇ ಪ್ರಶ್ನೆ. ಬಿದ್ದರೆ ಯಾರು ಬರುತ್ತಾರೆ? ನರ್ಸ್ ಇದ್ದಾರಾ? ಇಲ್ಲ. ಡಾಕ್ಟರು? ಹತ್ತಿರದಲ್ಲೇ ಒಳ್ಳೆಯ ಆಸ್ಪತ್ರೆ ಇದೆ. ಸ್ನಾನ ಮಾಡಿಸಲು, ಬಟ್ಟೆ ಹಾಕಲು ಆಗದೆ ಹೋದರೆ? ಅದಕ್ಕೆ ಅಸಿಸ್ಟೆಡ್ ಲಿವಿಂಗ್ ಅಂತ ಬೇರೆ ಕಡೆ ಇರುತ್ತದೆ, ನಮ್ಮದು ಆ ತರದ್ದಲ್ಲ ಅಂದಳು, ಹೆಮ್ಮೆಯಿಂದಲೇ. ಅಂಥ ದಿನನಿತ್ಯದ ಆರೈಕೆಯಷ್ಟೇ ಬೇಕಾದರೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ ಅನ್ನುವುದು ಎಷ್ಟೋ ಜನರಿಗೆ ಬಿದ್ದ ಮೇಲೆ ಗೊತ್ತಾಗುವ ಸಂಗತಿ. ಹಾಗಾದರೆ ಇಲ್ಲಿ ಬಿದ್ದವರು ಏನು ಮಾಡುತ್ತಾರೆ? "911ಕ್ಕೆ ಫೋನ್ ಮಾಡಬಹುದು." ಅದನ್ನು ನಾನು ಈಗಿರುವ ಮನೆಯಿಂದಲೂ ಮಾಡಬಹುದಲ್ಲ, ಅದಕ್ಕೆ ತಿಂಗಳಿಗೆ 310 ಡಾಲರ್ ಬೇಕಿಲ್ಲ.

ಆಮೇಲೆ ಅವಳು ನಮ್ಮನ್ನು ಬಚ್ಚಲುಮನೆಗೆ ಕರೆದುಕೊಂಡು ಹೋದಳು. ಅಮೃತಶಿಲೆಯ ಹಾಗೆ ಕಾಣುವ ಏನೋ ಹಾಸು, ಹೊಳೆಯುವ ಗಾಜು. ಕೈ ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲ. ನನ್ನ ನೋಟ ಎಲ್ಲಿದೆ ಅಂತ ಅವಳಿಗೆ ಗೊತ್ತಾಯಿತು. ಬಾಗಿಲು ಸ್ವಲ್ಪ ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದಳು: ಗೋಡೆಯ ಒಳಗೆ ಮರದ ಪಟ್ಟಿ ಕೂರಿಸಿದ್ದೇವೆ, ಮುಂದೆಂದಾದರೂ ಕಂಬಿ ಹಾಕಿಸಬೇಕು ಅನ್ನಿಸಿದರೆ ಸ್ಕ್ರೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹೊರಗೆ ಏನೂ ಕಾಣಿಸುವುದಿಲ್ಲ. ಅಷ್ಟು ಹೊತ್ತು ಮೈಕ್ ನುಂಗಿದವಳ ಹಾಗೆ ಮಾತಾಡಿದ ಹುಡುಗಿ ಪಿಸುಗುಟ್ಟಿದ್ದು ಅದೊಂದೇ ಮಾತು. ನಮ್ಮನೆಯವರು ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ಕುಟ್ಟಿ ನೋಡಿದರು. ಟೊಳ್ಳು, ಟೊಳ್ಳು, ಟೊಳ್ಳು, ಆಮೇಲೆ ಒಂದು ಕಡೆ ಗಟ್ಟಿ. ಸೊಂಟದ ಎತ್ತರದಲ್ಲಿ. "ಇದೆ ಕಣೇ" ಅಂದರು, ಬಾವಿ ತೋಡುವವನಿಗೆ ನೀರು ಸಿಕ್ಕ ಹಾಗೆ.

ಅಷ್ಟರಲ್ಲಿ ಅತ್ತೆ ಎಲ್ಲಿ ಅಂತ ನೋಡಿದರೆ ಕಾಣಲಿಲ್ಲ. ಮಾಡೆಲ್ ಮನೆಯ ಸೋಫಾ ಮೇಲೆ ಕೂರಲು ಹೋಗಿದ್ದರಂತೆ, ದಿಂಬುಗಳು ಎಷ್ಟಿದ್ದವು ಅಂದರೆ ಅವರಿಗೆ ಜಾಗ ಸಿಕ್ಕಿರಲಿಲ್ಲ. ಹೊರಗೆ ಹೋಗಿ, ನೆರಳಿಗೆ ನಿಲ್ಲಿಸಿದ್ದ ಗಾಲ್ಫ್ ಕಾರ್ಟ್ ಹತ್ತಿ ಕಾಲು ಚಾಚಿ ಕೂತಿದ್ದರು. ನಮಗೆಲ್ಲ ಕಾಣಿಕೆಯಾಗಿ ಕೊಟ್ಟಿದ್ದ ಪಿಕಲ್‌ಬಾಲ್ ಬ್ಯಾಟು ಅವರ ಕೈಯಲ್ಲಿತ್ತು. ಟೆನಿಸ್ ಬ್ಯಾಟಿನ ಹಾಗೆ ಅದಕ್ಕೆ ಬಲೆ ಇರುವುದಿಲ್ಲ, ಪೂರ್ತಿ ಹಲಗೆ. ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಬೀಸಣಿಗೆ ಚೆನ್ನಾಗಿದೆ ಕಣೇ, ಕೇಳು, ಇನ್ನೊಂದು ಕೊಡ್ತಾರೇನೋ" ಅಂದರು.

ಹುಡುಗಿ ಓಡಿ ಬಂದು ಫೋನ್ ತೆಗೆದು, ಒಂದು ಫೋಟೋ ತೆಗೆದುಕೊಳ್ಳಲೇ ಅಂತ ಕೇಳಿದಳು. ಕೈ ಹಾಗೇ ಮೇಲೆತ್ತಿ ಹಿಡಿಯಬೇಕಂತೆ.