ವೇಷವಿಲ್ಲದ ನಾಯಿ

2025ರ ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಿದ ದಿನ ನನ್ನ ಮೊಬೈಲಿಗೆ ಧರ್ಮರಾಯ ಬಂದ. ಹಿಂದೆ ಹಿಮಾಲಯ, ಪಕ್ಕದಲ್ಲಿ ನಾಯಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ಇದು ನಮ್ಮ ಸಂಸ್ಕೃತಿ’. ಹನ್ನೊಂದು ದಿನ ಕಳೆದ ಮೇಲೆ ಅದೇ ಕೋರ್ಟಿನ ದೊಡ್ಡ ಪೀಠ ಆ ಆದೇಶವನ್ನು ತಿದ್ದಿ, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿ ಹಿಡಿದ ಜಾಗದಲ್ಲೇ ಬಿಡಿ, ಊಟ ಹಾಕಲು ವಾರ್ಡುಗಳಲ್ಲಿ ಜಾಗ ಗೊತ್ತುಮಾಡಿ ಎಂದಿತು. ಧರ್ಮರಾಯ ವಾಪಸು ಹೋಗಲಿಲ್ಲ. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆರವು ಮಾಡಿ ಎಂಬ ಆದೇಶ ಬಂದಾಗ ಮತ್ತೆ ಕಾಣಿಸಿಕೊಂಡ. ಈ ಸಲ ನಾಯಿಯ ಕೊರಳಲ್ಲಿ ಹೂವಿನ ಹಾರವೂ ಇತ್ತು.

ಕಳಿಸಿದವರಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಹಿರಿಯರೂ ಒಬ್ಬರು. ದಿನಾ ಬೆಳಿಗ್ಗೆ ಕೈಯಲ್ಲಿ ದೊಣ್ಣೆ ಹಿಡಿದು ವಾಯುವಿಹಾರಕ್ಕೆ ಹೊರಡುತ್ತಾರೆ. ದೊಣ್ಣೆ ಊರಿಕೊಂಡು ನಡೆಯುವುದನ್ನು ನಾನು ನೋಡಿಲ್ಲ.

ಪ್ರಾಣಿದಯೆಯ ವಿಷಯದಲ್ಲಿ ನಮಗೆ ಪಾಠ ಹೇಳಲು ಯಾರೂ ಹೊರಗಿನಿಂದ ಬರಬೇಕಾಗಿಲ್ಲ. ಇಲಿಯಿಂದ ಆನೆಯವರೆಗೆ ಒಂದೊಂದನ್ನೂ ಒಬ್ಬೊಬ್ಬ ದೇವರ ಹೆಸರಿಗೆ ವಾಹನವಾಗಿ ನೋಂದಾಯಿಸಿದವರು ನಾವು. (ವಾಹನ ಎಂದರೆ ಮೇಲೆ ಕೂರುವುದು. ಅದನ್ನು ಸದ್ಯಕ್ಕೆ ಬಿಡಿ.) ಮಹಾಭಾರತವಂತೂ ನಾಯಿಯಿಂದ ಶುರುವಾಗಿ ನಾಯಿಯಲ್ಲೇ ಮುಗಿಯುತ್ತದೆ. ಕೊನೆಯ ನಾಯಿ ಎಲ್ಲರಿಗೂ ಗೊತ್ತು. ಇಂದ್ರ ರಥ ತಂದು ನಿಲ್ಲಿಸಿ, ನಾಯಿ ಇಟ್ಟುಕೊಂಡವರಿಗೆ ಸ್ವರ್ಗದಲ್ಲಿ ಜಾಗವಿಲ್ಲ, ಅವರ ಪುಣ್ಯವನ್ನೆಲ್ಲ ಕ್ರೋಧವಶರೆಂಬ ಗಣದವರು ಹೊತ್ತೊಯ್ಯುತ್ತಾರೆ ಎನ್ನುತ್ತಾನೆ. ಅಪಾರ್ಟ್‌ಮೆಂಟ್ ಸಂಘಗಳ ನಿಯಮಾವಳಿಯ ಮೊದಲ ಕರಡು ಇವನದೇ ಇರಬೇಕು. ಧರ್ಮರಾಯ ಒಪ್ಪುವುದಿಲ್ಲ, ನಂಬಿ ಬಂದದ್ದನ್ನು ಬಿಟ್ಟು ಬರಲಾರೆ ಎಂದು ನಿಂತುಬಿಡುತ್ತಾನೆ. ಕಣ್ಣು ಒದ್ದೆಯಾಗುವ ಜಾಗ. ಮೊಬೈಲಿಗೆ ಬರುವ ಫೋಟೊ ಅಲ್ಲಿಗೇ ನಿಲ್ಲುತ್ತದೆ.

ಕಥೆ ನಿಲ್ಲುವುದಿಲ್ಲ. ಮುಂದಿನ ಗಳಿಗೆಯಲ್ಲಿ ನಾಯಿ ಮಾಯವಾಗಿ ಅಲ್ಲಿ ಯಮಧರ್ಮ ನಿಂತಿರುತ್ತಾನೆ. ಮಗನೇ, ಇದು ಪರೀಕ್ಷೆ, ನೀನು ಗೆದ್ದೆ. ಹಾಗಾದರೆ ಸ್ವರ್ಗಕ್ಕೆ ಹೋದ ನಾಯಿಗಳೆಷ್ಟು? ಒಂದೂ ಇಲ್ಲ. ಇಂದ್ರನ ನಿಯಮ ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ. ಅಲ್ಲಿ ನಡೆದದ್ದು ಅಪ್ಪ ಮಗನ ವ್ಯವಹಾರ.

ಇದೊಂದೇ ಕಥೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಶಿಬಿಯ ತೊಡೆಯ ಮಾಂಸ ಕೇಳಿದ ಗಿಡುಗ ಇಂದ್ರ, ಅವನ ಮಡಿಲಿಗೆ ಬಿದ್ದ ಪಾರಿವಾಳ ಅಗ್ನಿ. ಕೊಳದ ದಡದಲ್ಲಿ ಪ್ರಶ್ನೆ ಕೇಳಿದ ಕೊಕ್ಕರೆ ಮತ್ತೆ ಅದೇ ಯಮಧರ್ಮ. (ಒಬ್ಬ ಮಗನನ್ನು ಎಷ್ಟು ಸಲ ಪರೀಕ್ಷಿಸುವುದು?) ಪಾಂಡು ಬಾಣ ಬಿಟ್ಟ ಜಿಂಕೆ ಕಿಂದಮನೆಂಬ ಋಷಿ. ಗಜೇಂದ್ರ ಹಿಂದಿನ ಜನ್ಮದಲ್ಲಿ ಇಂದ್ರದ್ಯುಮ್ನ ಮಹಾರಾಜ, ಅವನ ಕಾಲು ಹಿಡಿದ ಮೊಸಳೆ ಹೂಹೂ ಎಂಬ ಗಂಧರ್ವ. ಇಬ್ಬರೂ ದೊಡ್ಡ ಮನೆತನದವರೇ, ಒಬ್ಬನೂ ಆ ಮಡುವಿನ ಮೂಲನಿವಾಸಿಯಲ್ಲ. ಪ್ರಾಣಿ ಕಂಡರೆ ಕೈಮುಗಿ, ಒಳಗೆ ಯಾರಿದ್ದಾರೋ ಹೇಳಲಾಗದು ಎಂಬುದು ನಾವು ಕಲಿತ ದಯೆ. ಸಾಹೇಬರು ಮಫ್ತಿಯಲ್ಲಿ ತಪಾಸಣೆಗೆ ಬರುತ್ತಾರೆ ಎಂಬ ಸುದ್ದಿ ಹಬ್ಬಿದ ದಿನ ಗುಮಾಸ್ತ ಕಂಡಕಂಡವರಿಗೆಲ್ಲ ಕುರ್ಚಿ ಹಾಕಿದಂತೆ. ಮಾರನೆಯ ದಿನ ಅದೇ ಕಚೇರಿಗೆ ನೀವು ಹೋಗಿ ನೋಡಿ.

ಒಳಗೆ ಯಾರೂ ಇಲ್ಲ ಎಂದು ಖಾತ್ರಿಯಾದಾಗ ಏನಾಗುತ್ತದೆ ಎಂಬುದಕ್ಕೆ ಖಾಂಡವವನವಿದೆ. ಅಗ್ನಿಗೆ ಅಜೀರ್ಣವೆಂದು ಇಡೀ ಕಾಡು ಸುಟ್ಟಾಗ, ಓಡಿ ಬಂದ ಪ್ರಾಣಿಗಳನ್ನು ಅಂಚಿನಲ್ಲಿ ನಿಂತು ಬಾಣಕ್ಕೆ ಕೆಡವಿದವರು ಯಾರೆಂದು ನಿಮಗೆ ಗೊತ್ತು. ಆ ಚಿತ್ರವನ್ನು ನನಗೆ ಯಾರೂ ಕಳಿಸಿಲ್ಲ. ಬದುಕಿ ಉಳಿದವರು ಬೆರಳೆಣಿಕೆಯಷ್ಟು, ಅವರಲ್ಲೊಬ್ಬ ಮಯ. ಅಂದರೆ ಕಟ್ಟಡದ ಗುತ್ತಿಗೆದಾರ. ಅವನು ಮುಂದೆ ಪಾಂಡವರಿಗೆ ಸಭಾಭವನ ಕಟ್ಟಿಕೊಟ್ಟ. ಆ ಸೀಮೆಯ ಇಂದ್ರಪ್ರಸ್ಥವೇ ಇಂದಿನ ದೆಹಲಿ ಎನ್ನುತ್ತಾರೆ. ಇರಬಹುದು, ಲಕ್ಷಣಗಳೆಲ್ಲ ಹೊಂದುತ್ತವೆ.

ವೇಷವಿಲ್ಲದ ಪ್ರಾಣಿಗಳು ಇಲ್ಲವೇ ಇಲ್ಲ ಎಂದರೆ ವ್ಯಾಸರಿಗೆ ಅನ್ಯಾಯವಾದೀತು. ವನಪರ್ವದಲ್ಲಿ ಒಂದು ಪುಟ್ಟ ಭಾಗವಿದೆ, ಹರಿಕಥೆಯಲ್ಲಿ ಅದನ್ನು ಯಾರಾದರೂ ಎತ್ತಿಕೊಂಡದ್ದನ್ನು ನಾನು ಕೇಳಿಲ್ಲ. ಒಂದು ರಾತ್ರಿ ದ್ವೈತವನದ ಜಿಂಕೆಗಳು ಧರ್ಮರಾಯನ ಕನಸಿಗೆ ಬಂದು ನಡುಗುತ್ತ ನಿಲ್ಲುತ್ತವೆ. ನಿಮ್ಮ ಬೇಟೆಯಿಂದ ನಾವು ಬೀಜಕ್ಕೆ ಬೇಕಾದಷ್ಟೇ ಉಳಿದಿದ್ದೇವೆ, ದಯಮಾಡಿ ಬೇರೆ ಕಡೆ ಹೋಗಿ, ನಮ್ಮ ಸಂತತಿ ಬೆಳೆಯಲಿ ಎನ್ನುತ್ತವೆ. ಶಾಪವಿಲ್ಲ, ವರವಿಲ್ಲ, ಬೆಳಗಾಗುವಷ್ಟರಲ್ಲಿ ಅವು ಯಾರೂ ಆಗಿಬಿಡುವುದಿಲ್ಲ, ಜಿಂಕೆಗಳಾಗಿಯೇ ಉಳಿಯುತ್ತವೆ. ಧರ್ಮರಾಯ ಎದ್ದು ತಮ್ಮಂದಿರಿಗೆ ಕನಸು ಹೇಳಿ, ಗಂಟುಮೂಟೆ ಕಟ್ಟಿಸಿ ಕಾಮ್ಯಕವನಕ್ಕೆ ಹೊರಟ. ಧರ್ಮರಾಯನನ್ನು ಮೆಚ್ಚಬೇಕೆಂದರೆ ನಾನು ಇಲ್ಲಿ ಮೆಚ್ಚುತ್ತೇನೆ, ಹಿಮಾಲಯದಲ್ಲಲ್ಲ. ಕಾಮ್ಯಕದ ಜಿಂಕೆಗಳ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ, ಅದು ನಿಜ. ತೊಂದರೆಯನ್ನು ಪಕ್ಕದ ವಾರ್ಡಿಗೆ ಸಾಗಿಸುವ ವಿದ್ಯೆಯೂ ಹಳೆಯದೇ.

ವಾರ್ಡು ಎಂದಾಗ ನೆನಪಾಯಿತು. ಬೆಂಗಳೂರಿನ ಚಿಕನ್ ಅನ್ನದ ಟೆಂಡರನ್ನು ನೀವು ಮರೆತಿರಲಾರಿರಿ. 2025ರ ಜುಲೈಯಲ್ಲಿ ಬಿಬಿಎಂಪಿ ಸುಮಾರು ಐದು ಸಾವಿರ ಬೀದಿನಾಯಿಗಳಿಗೆ ದಿನಾ ಊಟ ಹಾಕಲು 2.88 ಕೋಟಿ ರೂಪಾಯಿಯ ಯೋಜನೆ ಮಾಡಿತು. ತಲೆಗೆ 150 ಗ್ರಾಂ ಕೋಳಿಮಾಂಸ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ. ಊರಿನಲ್ಲಿರುವ ಬೀದಿನಾಯಿಗಳು 2023ರ ಗಣತಿಯಂತೆ 2.79 ಲಕ್ಷ. ನೂರಕ್ಕೆ ಎರಡು ನಾಯಿಗೂ ಎಲೆ ಹಾಕಿದಂತಾಗಲಿಲ್ಲ, ಉಳಿದ ತೊಂಬತ್ತೆಂಟು ಸ್ವರ್ಗದ ಬಾಗಿಲಲ್ಲಿ ಕಾಯಬಹುದು. ಅದರ ಹಿಂದಿನ ವರ್ಷ ಇದೇ ಉತ್ಸಾಹ ‘ಕುಕುರ್ ತಿಹಾರ್’ ಎಂಬ ಹೆಸರಿನಲ್ಲಿ ಬಂದಿತ್ತು. ಅದು ನಾಯಿಯನ್ನು ಯಮನ ದೂತನೆಂದು ಪೂಜಿಸಿ, ಹಣೆಗೆ ತಿಲಕವಿಟ್ಟು ಹಾರ ಹಾಕುವ ನೇಪಾಳದ ಹಬ್ಬ. ರಾತ್ರಿ ಹನ್ನೊಂದಕ್ಕೆ ಸ್ಕೂಟರಿನಲ್ಲಿ ಮನೆಗೆ ಮರಳುವವರು ಯಮದೂತ ಎಂಬ ಮಾತನ್ನು ಪೂರ್ತಿ ಒಪ್ಪುತ್ತಾರೆ.

ಆ ಕೋಳಿಯ ವಿಷಯ ಮಾತ್ರ ನನ್ನನ್ನು ಬಿಡುತ್ತಿಲ್ಲ. ಹದಿಮೂರನೆಯ ಶತಮಾನದಲ್ಲಿ ಜನ್ನ ಕನ್ನಡಿಗರಿಗೆ ಹೇಳಿದ ಕಥೆಯಲ್ಲಿ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು, ಜೀವಂತ ಕೋಳಿ ಬೇಡವೆಂದು ಹಿಟ್ಟಿನ ಕೋಳಿ ಮಾಡಿಸಿ ದೇವಿಗೆ ಬಲಿ ಕೊಡುತ್ತಾನೆ. ಅಷ್ಟಕ್ಕೇ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ, ಅಲ್ಲಿಂದ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಸಾಯುತ್ತಾರೆ. ಕಡಿದದ್ದು ಹಿಟ್ಟನ್ನು, ಸಂಕಲ್ಪ ಮಾತ್ರ ಕೊಲ್ಲುವುದಾಗಿತ್ತು. ಈಗ ಐದು ಸಾವಿರ ನಾಯಿಗೆ 150 ಗ್ರಾಮಿನಂತೆ ದಿನಕ್ಕೆ 750 ಕಿಲೋ ಆಯಿತು. ಕಡತಕ್ಕೆ ಸಹಿ ಹಾಕುವವರ ಮುಂದಿನ ಜನ್ಮಗಳ ಲೆಕ್ಕವಿಡಲು ಪ್ರತ್ಯೇಕ ವಿಭಾಗ ಬೇಕಾದೀತು. ಕೋಳಿ ಸುಬ್ರಹ್ಮಣ್ಯನ ಧ್ವಜದ ಮೇಲಿದೆಯಲ್ಲ ಎಂದು ಕೇಳಬಹುದು. ಧ್ವಜದಿಂದ ಕೆಳಗಿಳಿದರೆ ಕಿಲೋ ಲೆಕ್ಕ.

ಯೋಜನೆ ಮಾಡಿದ ಆ ಪಾಲಿಕೆಯೂ ಈಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಡೆದು ಐದಾಯಿತು. ಪಾಂಡವರೂ ಐವರೇ. ಯಾರ ಹಿಂದೆ ಹೋಗಬೇಕೆಂದು ನಾಯಿಗೆ ಇನ್ನೂ ಸುತ್ತೋಲೆ ಬಂದಿಲ್ಲ.

ನೇಪಾಳದಿಂದ ಹಬ್ಬ ತರಿಸುವ ಮುಂಚೆ ಮದ್ದೂರಿನವರೆಗೆ ಹೋಗಿಬರಬಹುದಿತ್ತು. ಆ ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಸುಮಾರಿಗೆ ನಿಲ್ಲಿಸಿದ ಕಲ್ಲೊಂದಿತ್ತು. ತಕ್ಕೋಲದಲ್ಲಿ ಚೋಳರನ್ನು ಗೆದ್ದ ಮೇಲೆ ಗಂಗರ ಬೂತುಗ ತನ್ನ ವೀರ ಮಣಲೆರನಿಗೆ, ಮೆಚ್ಚಿದ್ದೇನೆ, ಬೇಕಾದ್ದು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಊರು ಕೇಳಲಿಲ್ಲ, ನಿಗಮ ಮಂಡಳಿಯ ಅಧ್ಯಕ್ಷಗಿರಿ ಕೇಳಲಿಲ್ಲ. ಆ ಕಾಳಿ ಬೇಟೆಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಗುಡಿಯ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆ ಎಂದೂ ಕೆತ್ತಿಸಿದರು. ಅದನ್ನು ಯಾರೂ ಯಮಧರ್ಮ ಎನ್ನಲಿಲ್ಲ. ಅದು ನಾಯಿ, ಸತ್ತಿತು, ಒಬ್ಬನಿಗೆ ಹೊಟ್ಟೆ ಉರಿಯಿತು, ಅಷ್ಟೇ. ಹಂದಿಯ ಪರವಾಗಿ ನನ್ನದೂ ಒಂದು ತಕರಾರಿದೆ. ಕಲ್ಲಿನ ಮೇಲೆ ಅದರ ಚಿತ್ರವೂ ಇದೆ, ಭೂಮಿ ಬಿಟ್ಟದ್ದು ಮಾತ್ರ ಅದಕ್ಕಲ್ಲ. ಅದೂ ವರಾಹಾವತಾರದ ನಾಡಿನಲ್ಲಿ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಧ್ಯಾಹ್ನ ಅಲ್ಲಿ ಪೂಜೆಯಿಲ್ಲದೆ ಊಟದ ಡಬ್ಬಿ ಬಿಚ್ಚುವ ಸಿಬ್ಬಂದಿಯನ್ನು ನೆನೆದರೆ ನನಗೆ ಕಳವಳವಾಗುತ್ತದೆ.

ನಮ್ಮ ಕಾನೂನಿಗೂ ದಯೆಯ ಕೊರತೆಯಿಲ್ಲ. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದದ್ದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರ 11ನೆಯ ಕಲಮಿನ ಪ್ರಕಾರ ಪ್ರಾಣಿಯನ್ನು ಹೊಡೆದರೆ, ಒದ್ದರೆ, ಹಿಂಸಿಸಿದರೆ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ, ಐವತ್ತು ರೂಪಾಯಿಗೆ ಮೀರದಂತೆ. ಆಗಲೂ ಐವತ್ತು, ಈಗಲೂ ಐವತ್ತು. ಅರವತ್ತು ವರ್ಷಗಳಲ್ಲಿ ಬೆಲೆ ಏರದ ಇನ್ನೊಂದು ವಸ್ತುವಿದ್ದರೆ ತಿಳಿಸಿ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈಶೋಪನಿಷತ್ತನ್ನು ಉದ್ಧರಿಸಿತು, ಶಿಕ್ಷೆ ಬಿಗಿ ಮಾಡಿ ಎಂದು ಸಂಸತ್ತಿಗೂ ಹೇಳಿತು. ಉಪನಿಷತ್ತು ದಾಖಲೆಯಲ್ಲಿ ಉಳಿಯಿತು, ಐವತ್ತು ರೂಪಾಯಿ ಕಾಯ್ದೆಯಲ್ಲಿ ಉಳಿಯಿತು.

ಇಲ್ಲಿಗೆ ಬಂದಾಗ ನನಗೆ ನಗು ಬರುವುದಿಲ್ಲ. ಜಗತ್ತಿನಲ್ಲಿ ರೇಬಿಸ್‌ನಿಂದ ಸಾಯುವವರಲ್ಲಿ ನೂರಕ್ಕೆ 36 ಮಂದಿ ಭಾರತದವರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ ಎಂಬುದು ಎಲ್ಲ ಪಶುವೈದ್ಯರಿಗೂ ಗೊತ್ತು. ಅದಕ್ಕೆ ಬೇಕಾದದ್ದು ವ್ಯಾನು, ಬಲೆ, ವೈದ್ಯರು, ಲಸಿಕೆ ಇಡುವ ಫ್ರಿಜ್ಜು, ಸುಳ್ಳಿಲ್ಲದ ಲೆಕ್ಕ. ಯಕ್ಷಪ್ರಶ್ನೆಯೇನಲ್ಲ. ಕಚ್ಚಿಸಿಕೊಳ್ಳುವವರು ಬೀದಿಯಲ್ಲಿ ಆಡುವ ಮಕ್ಕಳು, ಕತ್ತಲಿರುವಾಗಲೇ ಪೊರಕೆ ಹಿಡಿದು ಹೊರಡುವ ಪೌರಕಾರ್ಮಿಕರು. ಧರ್ಮರಾಯನ ಫೋಟೊ ಕಳಿಸುವವರ ಮಕ್ಕಳು ಕಾರಿನಿಂದ ಇಳಿಯುವುದಿಲ್ಲ. ನಾಯಿಗಾದರೂ ಸುಖವಿದೆಯೇ ಎಂದರೆ ಅದೂ ಇಲ್ಲ. ಮೈತುಂಬ ಹುಣ್ಣು, ಟೈರಿಗೆ ಸಿಕ್ಕಿ ಮುರಿದ ಕಾಲು, ವರ್ಷಕ್ಕೆರಡು ಸಲ ಚರಂಡಿಯಲ್ಲಿ ಮರಿ. ಮಗುವಿಗೂ ನಾಯಿಗೂ ಒಟ್ಟಿಗೇ ಪುರಾಣ ಹೇಳಿ ಮಲಗಿಸುತ್ತಿದ್ದೇವೆ. ಎಷ್ಟು ವರ್ಷದಿಂದ ಇದನ್ನೇ ಬರೆಯುತ್ತಿದ್ದೇನೋ, ಬೇಸರವಾಗಿದೆ.

ಮಹಾಭಾರತದ ಮೊದಲ ನಾಯಿ ಬಾಕಿ ಉಳಿಯಿತು. ಜನಮೇಜಯನ ಯಾಗಶಾಲೆಗೆ ಬಂದ ಮರಿಯೊಂದನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ನಾನು ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ ಎಂದು ಅದು ತಾಯಿಯ ಬಳಿ ಅಳುತ್ತದೆ. ತಾಯಿ ಸರಮೆ ನೇರ ರಾಜನಲ್ಲಿಗೆ ಬಂದು, ತಪ್ಪೇ ಮಾಡದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರು ಏನೂ ಉತ್ತರ ಕೊಡಲಿಲ್ಲ ಎಂದು ಅಲ್ಲಿ ಬರೆದಿದೆ. ಉತ್ತರ ಬಾರದಿದ್ದಾಗ ಅವಳು ಶಪಿಸಿ ಹೋದಳು. ನನ್ನಲ್ಲಿ ಒಂದು ದೂರು ಸಂಖ್ಯೆಯಿದೆ, ಅಷ್ಟೇ.

ಮೊನ್ನೆ ನಮ್ಮ ಬಡಾವಣೆಯ ಸಂಘದವರು ಉದ್ಯಾನದ ಮೂಲೆಯಲ್ಲಿ ನಾಯಿಗಳಿಗೆ ಊಟ ಹಾಕುವ ಜಾಗ ಗುರುತಿಸಿ, ಪಕ್ಕದ ಗೋಡೆಯ ಮೇಲೆ ಧರ್ಮರಾಯನ ಸ್ವರ್ಗಾರೋಹಣ ಬರೆಸಲು ಠರಾವು ಮಾಡಿದರು. ಚಿತ್ರಕಾರ ಎರಡು ದಿನದಲ್ಲಿ ಹಿಮಾಲಯ ಮುಗಿಸಿದ, ಧರ್ಮರಾಯನಿಗೆ ಕಿರೀಟವನ್ನೂ ಇಟ್ಟ. ಮೂರನೆಯ ದಿನ ಬ್ರಷ್ ಹಿಡಿದುಕೊಂಡು, “ಸರ್, ನಾಯಿಗೆ ಯಾವ ಬಣ್ಣ? ಇಲ್ಲಿ ಮಲಗಿದೆಯಲ್ಲ, ಇದನ್ನೇ ನೋಡಿಕೊಂಡು ಬರೆದುಬಿಡಲೇ?” ಎಂದು ಕೇಳಿದ.

ದೊಣ್ಣೆಯ ಹಿರಿಯರು ಗೋಡೆಯ ಬುಡದಲ್ಲಿ ಸುರುಳಿ ಸುತ್ತಿ ಮಲಗಿದ್ದ ಕೆಂದು ನಾಯಿಯನ್ನು ನೋಡಿದರು.

“ಛೆ, ಛೆ, ಇದು ಬೀದಿನಾಯಿ. ನೀನು ಬಿಳಿ ಬಣ್ಣ ಹಾಕಪ್ಪ.”