ಇನ್ನೂ ದಡ ಸೇರದವಳ ಹಾಡು

ಡಿಸ್ಕೋ ಎಂದರೆ ಕುಣಿದು ಮರೆತುಬಿಡುವ ಸಂಗೀತ, ಅದರಲ್ಲಿ ಬದುಕಿನ ಮಾತೇನೂ ಇರುವುದಿಲ್ಲ ಎನ್ನುವವರಿಗೆ ನಾನು ಮೊದಲು ಕೇಳಿಸುವುದು ಕ್ಯಾಂಡಿ ಸ್ಟೇಟನ್ ಅವರ 1976ರ ‘ಯಂಗ್ ಹಾರ್ಟ್ಸ್ ರನ್ ಫ್ರೀ’ ಆಲ್ಬಮ್ಮನ್ನು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಹುಟ್ಟಿ, ಎಳವೆಯಲ್ಲೇ ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಗೀತೆಗಳ ತಂಡದೊಂದಿಗೆ ಊರೂರು ಸುತ್ತಿ, ಮುಂದೆ ಅದೇ ರಾಜ್ಯದ ಮಸಲ್ ಶೋಲ್ಸ್ ಊರಿನ ಫೇಮ್ ಸ್ಟುಡಿಯೋದಲ್ಲಿ ನಿರ್ಮಾಪಕ ರಿಕ್ ಹಾಲ್ ಅವರ ಗರಡಿಯಲ್ಲಿ, ಗಾಸ್ಪೆಲ್‌ನಿಂದ ಬೆಳೆದ ಭಾವತೀವ್ರ ಸೋಲ್ ಸಂಗೀತದ ಗಾಯಕಿಯಾಗಿ ಹೆಸರು ಮಾಡಿದ ಸ್ಟೇಟನ್, ಡಿಸ್ಕೋಗೆ ಬಂದಾಗಲೂ ತಮ್ಮ ಕಂಠದ ಒರಟುತನವನ್ನು ನಯಗೊಳಿಸಿಕೊಳ್ಳಲಿಲ್ಲ.

ಶೀರ್ಷಿಕೆ ಗೀತೆಯನ್ನು ಬರೆದವರು ನಿರ್ಮಾಪಕ ಡೇವಿಡ್ ಕ್ರಾಫರ್ಡ್. ಆ ಹೊತ್ತಿಗೆ ಸ್ಟೇಟನ್ ಹಿಂಸೆಯ ಸಂಬಂಧವೊಂದರಲ್ಲಿ ಸಿಲುಕಿದ್ದರು. ಅವರು ಕ್ರಾಫರ್ಡ್ ಬಳಿ ತೋಡಿಕೊಂಡ ಸಂಕಟವೇ ಹಾಡಾಯಿತು. ಅದು ಅಮೆರಿಕದ ಆರ್ ಅಂಡ್ ಬಿ (ಕಪ್ಪು ಜನರ ಜನಪ್ರಿಯ ಸಂಗೀತದ) ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೂ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೂ ಏರಿತು.

ಹೆಣ್ಣಿನ ಸಬಲೀಕರಣದ ಹಾಡುಗಳೆಂದು ನಾವು ಕೊಂಡಾಡುವ ಬಹುಪಾಲು ಹಾಡುಗಳಲ್ಲಿ ಹಾಡುವವಳು ಆಗಲೇ ಗೆದ್ದಿರುತ್ತಾಳೆ; ದಡ ಸೇರಿ, ಮೈ ಒರೆಸಿಕೊಂಡು, ಬಿಟ್ಟು ಬಂದವನಿಗೆ ಬಾಗಿಲು ತೋರಿಸುತ್ತಿರುತ್ತಾಳೆ. ಇಲ್ಲಿ ಹಾಗಿಲ್ಲ. ಈ ಹಾಡಿನ ಹೆಂಗಸು ದಿನಕ್ಕೆ ನೂರು ಸಲ ಹೊರಟುಬಿಡುತ್ತೇನೆ ಎಂದುಕೊಳ್ಳುತ್ತಾಳೆ, ಆದರೆ ಹೊರಡಲಾರಳು. ಹಾಗೆ ಕಟ್ಟಿಬಿದ್ದಿರುವಾಗಲೇ ತನಗಿಂತ ಕಿರಿಯರನ್ನು ಕರೆದು, ನೀವು ನನ್ನಂತೆ ಆಗಬೇಡಿ, ನಿಮಗೆ ನೀವು ನಿಷ್ಠರಾಗಿರಿ ಎಂದು ಬುದ್ಧಿ ಹೇಳುತ್ತಾಳೆ. ತನಗೆ ದಕ್ಕದ ಬಿಡುಗಡೆಯನ್ನು ಇನ್ನೊಬ್ಬರಿಗಾಗಿ ಇಷ್ಟು ಮನಸಾರೆ ಬಯಸುವುದನ್ನು ನಾನು ಯಾವ ವಿಜಯಗೀತೆಗಿಂತಲೂ ದೊಡ್ಡದೆಂದು ಭಾವಿಸುತ್ತೇನೆ.

ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಡ್ರಮ್ ಒಂದೇ ನಡೆಯಲ್ಲಿ ಮುನ್ನಡೆಯುತ್ತಿರುತ್ತದೆ, ಮೇಲೆ ಪಿಟೀಲುಗಳೂ ತುತ್ತೂರಿಗಳೂ ಹಬ್ಬದ ಮನೆಯಂತೆ ಬೆಳಗುತ್ತಿರುತ್ತವೆ, ಆ ಸಡಗರದ ನಡುವೆ ಸ್ಟೇಟನ್ ಅವರ ದನಿ ಮಾತ್ರ ಅತ್ತು ಹಗುರಾದವರ ದನಿಯಂತೆ ಕೊಂಚ ಬಿರುಕು ಬಿಟ್ಟಿರುತ್ತದೆ. ಇದೇ ಮಾತುಗಳನ್ನು ನಿಧಾನಗತಿಯಲ್ಲಿ ಹಾಡಿದ್ದರೆ ಕೇಳುಗರು ಮರುಗಿ ಸುಮ್ಮನಾಗುತ್ತಿದ್ದರೇನೋ. ತಾಳ ಬಿಡುವುದಿಲ್ಲ, ಕಾಲನ್ನು ಎಬ್ಬಿಸುತ್ತದೆ. ಓಡು ಎನ್ನುವ ಮಾತಿಗೆ ಬೇಕಾದ ಕಾಲನ್ನೇ.

ಆಲ್ಬಮ್ಮಿನ ಉಳಿದ ಹಾಡುಗಳೆಲ್ಲ ಈ ಎತ್ತರಕ್ಕೆ ಏರುತ್ತವೆ ಎಂದು ನಾನು ಹೇಳಲಾರೆ. ಹೆಚ್ಚಿನವು ಪ್ರೇಮದ ಹಾಡುಗಳು, ಇಂಪಾಗಿವೆ, ಅಷ್ಟೆ. ಆದರೆ ಶೀರ್ಷಿಕೆ ಗೀತೆಯನ್ನು ಕೇಳಿದ ಕಿವಿಗೆ ಆ ಪ್ರೇಮದ ಮಾತುಗಳಲ್ಲೂ ಒಂದು ಅಳುಕು ಕೇಳಿಸತೊಡಗುತ್ತದೆ.

ಎರಡು ವರ್ಷಗಳ ಬಳಿಕ, 1978ರಲ್ಲಿ, ಸ್ಟೇಟನ್ ‘ವಿಕ್ಟಿಮ್’ ಎಂಬ ಹಾಡನ್ನು ಹಾಡಿದರು. ಲೋಕಕ್ಕೆಲ್ಲ ಬುದ್ಧಿ ಹೇಳಿದವಳು ತಾನು ಹಾಡಿದ ಹಾಡುಗಳಿಗೇ ಬಲಿಯಾದೆನೆಂದು ಅದರಲ್ಲಿ ಒಪ್ಪಿಕೊಳ್ಳುತ್ತಾಳೆ. ಅದಕ್ಕೂ ಅದೇ ಡಿಸ್ಕೋ ತಾಳವಿದೆ. ಈ ಎರಡು ಹಾಡುಗಳನ್ನು ನಾನು ಈಗ ಒಂದರ ಹಿಂದೊಂದರಂತೆಯೇ ಕೇಳುತ್ತೇನೆ.